ಗುಟ್ಟಾಗಿ ಕುಡಿಯೋನು ಗುಟ್ಟಾಗಿ ಬಿಡೋಕಾಗಲ್ಲ

ಪ್ರತಿ ಜನವರಿ ನಮ್ಮ ಆಫೀಸಿನಲ್ಲಿ ಒಂದು ಜಾತ್ರೆ ಶುರುವಾಗುತ್ತೆ. ಒಬ್ಬ ಸಿಗರೇಟು ಬಿಡ್ತೀನಿ ಅಂತಾನೆ, ಇನ್ನೊಬ್ಬಳು ಸಕ್ಕರೆ ಬಿಡ್ತೀನಿ ಅಂತಾಳೆ, ಮತ್ತೊಬ್ಬ ರಾತ್ರಿ ಎರಡು ಗಂಟೆ ತನಕ ರೀಲ್ಸ್ ನೋಡೋದು ಬಿಡ್ತೀನಿ ಅಂತಾನೆ. ಎಲ್ಲರ ಫೋನಲ್ಲೂ ಒಂದೊಂದು ಆ್ಯಪ್. ದಿನಕ್ಕೊಂದು ಹಸಿರು ಚೌಕ. ಹೋದ ವರ್ಷ ನನ್ನ ಪಕ್ಕದ ಸೀಟಿನ ಹುಡುಗ 41 ದಿನ ಹಸಿರು ಚೌಕ ತುಂಬಿಸಿದ. 42ನೇ ದಿನ ಟೀಮ್ ಔಟಿಂಗ್. ಮಾರನೇ ದಿನ ಆ್ಯಪ್ ಸೊನ್ನೆ ತೋರಿಸ್ತು. ಅವನು ಆ್ಯಪನ್ನೇ ಡಿಲೀಟ್ ಮಾಡಿದ. ಮಧ್ಯಾಹ್ನ ಕೆಳಗೆ ಟೀ ಅಂಗಡಿ ಹತ್ರ ಸಿಕ್ಕಾಗ ಕೈಯಲ್ಲಿ ಸಿಗರೇಟಿತ್ತು. "ಹೆಂಗೂ ಹೋಯ್ತಲ್ಲ ಗುರೂ" ಅಂದ.

ಈ "ಹೆಂಗೂ ಹೋಯ್ತಲ್ಲ" ಅನ್ನೋ ಮಾತನ್ನ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಬಹಳ ಹಿಂದೆಯೇ ಗುರುತಿಸಿ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದ. ಒಂದು ಸಲ ಜಾರಿದವನು ನಾಚಿಕೆಯಿಂದಲೇ ಪೂರ್ತಿ ಜಾರ್ತಾನೆ. ಒಂದು ಪೆಗ್ ಅವನನ್ನ ಕೆಡಿಸಲ್ಲ, ಒಂದು ಪೆಗ್ ಆದಮೇಲೆ ತನ್ನ ಬಗ್ಗೆ ತನಗೇ ಹುಟ್ಟೋ ಅಸಹ್ಯ ಕೆಡಿಸುತ್ತೆ.

ನಾನು ಇವತ್ತು ಜಗಳಕ್ಕೇ ಬಂದಿದ್ದೀನಿ. ಇಬ್ಬರ ಜೊತೆ. ಒಬ್ಬರು, "ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ" ಅಂತ ಇಚ್ಛಾಶಕ್ತಿ ಮಾರೋರು. ಇನ್ನೊಬ್ಬರು ನನ್ನವರೇ, "ಒಂದು ರಾತ್ರಿ ಪ್ರಾರ್ಥನೆಗೆ ಬಾ, ಯೇಸು ಬಿಡಿಸ್ತಾನೆ" ಅನ್ನೋ ಕ್ರೈಸ್ತರು. ನಾನೂ ಕ್ರೈಸ್ತನೇ. ಕನಕಪುರದ ಕಡೆಯ ಹಳ್ಳಿಯವನು. ರೇಷ್ಮೆ ಹುಳ ಸಾಕಿ, ರಾಗಿ ಬೆಳೆದು, ಭಾನುವಾರ ಪೂಜೆಗೆ ಹೋಗೋ ಮನೆ ನಮ್ಮದು. ಹಾಗಾಗಿ ಎರಡನೇ ಜಗಳ ಮನೆಯೊಳಗಿನ ಜಗಳ. ಸ್ವಲ್ಪ ಜೋರಾಗೇ ಇರುತ್ತೆ.

ಮೊದಲು ಇಚ್ಛಾಶಕ್ತಿಯವರನ್ನ ಮುಗಿಸೋಣ. 21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂತಾರಲ್ಲ, ಆ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕನಿಷ್ಠ 21 ದಿನ ಹಿಡಿಯುತ್ತೆ ಅಂತ ತಾನು ಕಂಡದ್ದನ್ನ ಅದರಲ್ಲಿ ಹೇಳಿದ. ಆಮೇಲೆ ಬಂದವರ ಬಾಯಲ್ಲಿ "ಕನಿಷ್ಠ" ಬಿದ್ದುಹೋಯ್ತು, ಆಪರೇಷನ್ನೂ ಬಿದ್ದುಹೋಯ್ತು, 21 ಮಾತ್ರ ಉಳೀತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನ ಇಟ್ಕೊಂಡು ನಿಜವಾಗಿ ಅಳೆದು ನೋಡಿದಾಗ, ಒಂದು ಅಭ್ಯಾಸ ತಾನಾಗಿ ಕೂರೋಕೆ ಸರಾಸರಿ 66 ದಿನ ಅಂತ ಸಿಕ್ತು. ಒಬ್ಬೊಬ್ಬರಿಗೆ 18 ದಿನ, ಒಬ್ಬೊಬ್ಬರಿಗೆ 254. ಅದೂ ಊಟದ ಜೊತೆ ಹಣ್ಣು ತಿನ್ನೋದು, ನೀರು ಕುಡಿಯೋದು, ಇಂಥ ಒಳ್ಳೆ ಅಭ್ಯಾಸ ಕಟ್ಟೋದಕ್ಕೆ. ಹತ್ತು ವರ್ಷದ ಚಟ ಕೀಳೋದಕ್ಕಲ್ಲ.

ಇಚ್ಛಾಶಕ್ತಿ ಬೇಡ ಅಂತ ನಾನು ಹೇಳ್ತಿಲ್ಲ. ಅದು ಸಾಕಾಗಲ್ಲ ಅಂತ ಹೇಳ್ತಿದ್ದೀನಿ. ಇದನ್ನ ನಾನು ಯಾವ ಪುಸ್ತಕ ಓದಿ ಕಲಿಯಲಿಲ್ಲ. ನಮ್ಮಪ್ಪನ್ನ ನೋಡಿ ಕಲಿತೆ.

ನಮ್ಮಪ್ಪ ಆ್ಯಪ್ ಇಲ್ಲದೇ 40 ದಿನ ಬಿಡ್ತಿದ್ದ. ನಮ್ಮಲ್ಲಿ ವಿಭೂತಿ ಬುಧವಾರದಿಂದ ಪಾಸ್ಕ ಹಬ್ಬದ ತನಕ ತಪಸ್ಸುಕಾಲ. ಮಾಂಸ ಇಲ್ಲ, ಮದುವೆ ಇಲ್ಲ, ಕುಡಿಯೋರೂ ಕುಡಿಯಲ್ಲ. ಹಣೆಗೆ ಬೂದಿ ಹಾಕಿಸಿಕೊಂಡು ಬಂದ ದಿನದಿಂದ ಅಪ್ಪ ಸಾರಾಯಿ ಅಂಗಡಿ ಕಡೆ ತಲೆ ಹಾಕ್ತಿರಲಿಲ್ಲ. ಆ 40 ದಿನ ನಮ್ಮನೆ ಸ್ವರ್ಗ. ಅಮ್ಮ ಹಾಡ್ಕೊಂಡು ಹುಳಕ್ಕೆ ಸೊಪ್ಪು ಹಾಕೋಳು. ಪಾಸ್ಕ ಹಬ್ಬದ ಸಂಜೆ ಮತ್ತೆ ಶುರು. 40 ದಿನದ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸ್ತಿದ್ದ. ಇಡೀ ಊರೇ ನಗ್ತಿತ್ತು, "ಕ್ರಿಸ್ತ ಎದ್ದ, ನಿಮ್ಮಪ್ಪ ಬಿದ್ದ" ಅಂತ.

ಅಂದ್ರೆ ನಮ್ಮಪ್ಪನಿಗೆ ಇಚ್ಛಾಶಕ್ತಿ ಇರಲಿಲ್ವಾ? ನನ್ನ ಪಕ್ಕದ ಸೀಟಿನ ಹುಡುಗನಿಗಿಂತ ಹೆಚ್ಚೇ ಇತ್ತು. ಇಲ್ಲದೇ ಇದ್ದದ್ದು ಬೇರೆ. ಕುಡಿತದ ಬಗ್ಗೆ ಅಪ್ಪ ಯಾರ ಹತ್ರಾನೂ ಒಂದು ಮಾತು ಆಡ್ತಿರಲಿಲ್ಲ. ಊರಿಗೆಲ್ಲ ಗೊತ್ತು, ಆದ್ರೆ ಅವನ ಬಾಯಿಂದ ಮಾತ್ರ ಬಂದಿಲ್ಲ. ಅಮ್ಮ ಕೇಳಿದ್ರೆ ಜಗಳ. ನಾವು ಕೇಳಿದ್ರೆ ಏಟು. ಗುರುಗಳು ಕೇಳಿದ್ರೆ ತಲೆ ತಗ್ಗಿಸಿ "ಬಿಟ್ಬಿಡ್ತೀನಿ ಸ್ವಾಮಿ". ಅಷ್ಟೇ.

2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸ್ತು. ಅಮ್ಮ ಅವತ್ತು ಮಾತೆಯ ಗುಡಿಗೆ ಮೊಂಬತ್ತಿ ಹಚ್ಚಿ ಬಂದಳು. ಅಪ್ಪ ಸಾರಾಯಿ ಬಿಟ್ಟು ಅಗ್ಗದ ವಿಸ್ಕಿಗೆ ಬಂದ, ಖರ್ಚು ಎರಡರಷ್ಟಾಯ್ತು. ಅಷ್ಟು ಹೊತ್ತಿಗೆ ತಪಸ್ಸುಕಾಲದ 40 ದಿನವೂ ಮುರಿದು ಬಿದ್ದಿತ್ತು. ಬೆಳಿಗ್ಗೆ ಕುಡೀದೆ ಇದ್ರೆ ಕೈ ನಡುಗೋದು.

ಇನ್ನು ಎರಡನೇ ಜಗಳ. 2009ರಲ್ಲಿ ನೆಂಟರೊಬ್ಬರು ಅಪ್ಪನ್ನ ತಾಲೂಕು ಕೇಂದ್ರದಲ್ಲಿ ನಡೀತಿದ್ದ ಒಂದು ಪ್ರಾರ್ಥನಾ ಕೂಟಕ್ಕೆ ಕರ್ಕೊಂಡು ಹೋದರು. ಯಾವ ಕೂಟ, ಯಾರು ಬೋಧಕರು ಅನ್ನೋದು ಇಲ್ಲಿ ಬೇಡ. ಬೋಧಕರು ತಲೆ ಮೇಲೆ ಕೈ ಇಟ್ಟು ಕೂಗಿದರು, ಜನ ಚಪ್ಪಾಳೆ ಹೊಡೆದರು, ಅಪ್ಪ ಅತ್ತ. ಬಿಡುಗಡೆ ಆಯ್ತು ಅಂದ್ರು. ಡಾಕ್ಟರು ಕೊಟ್ಟಿದ್ದ ಮಾತ್ರೆ ಜೇಬಲ್ಲಿತ್ತು. "ವಿಶ್ವಾಸ ಇದ್ರೆ ಇದ್ಯಾಕೆ" ಅಂದ್ರು. ಅಪ್ಪ ಅಲ್ಲೇ ಎಸೆದು ಬಂದ. ಮೂರನೇ ರಾತ್ರಿ ಗೋಡೆ ಮೇಲೆ ಹಾವು ಕಾಣ್ತಿದೆ ಅಂತ ಕಿರುಚೋಕೆ ಶುರು ಮಾಡಿದ. ಬೆಳಗಿನ ಜಾವ ಫಿಟ್ಸ್ ಬಂತು. ಬಾಯಿಗೆ ಚಮಚ ಕೊಟ್ಟು, ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ್ವಿ. ಚಮಚ ಕೊಡಬಾರದು ಅನ್ನೋದೂ ಆವಾಗ ನಮಗೆ ಗೊತ್ತಿರಲಿಲ್ಲ.

ದಿನಾ ವಿಪರೀತ ಕುಡಿಯೋನು ತಟ್ಟನೆ ನಿಲ್ಲಿಸಿದ್ರೆ ಹೀಗಾಗುತ್ತೆ. ಇದು ದೆವ್ವ ಅಲ್ಲ, ಅವಿಶ್ವಾಸದ ಫಲವೂ ಅಲ್ಲ. ಮದ್ಯಕ್ಕೆ ಒಗ್ಗಿಹೋದ ನರಮಂಡಲ ಹಿಡಿತ ತಪ್ಪಿ ಎಗರಾಡೋದು. ಜೀವ ಹೋಗಬಹುದು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ಕೆಲವು ದಿನ ನೋಡ್ಕೊಂಡ್ರೆ ದಾಟಿಸಬಹುದು. ಅಪ್ಪ ಉಳಿದ. ಆದ್ರೆ ಅವತ್ತಿನಿಂದ ಅವನ ಮನಸ್ಸಲ್ಲಿ ಒಂದು ಕೂತುಬಿಡ್ತು: ದೇವರು ಎಲ್ಲರನ್ನೂ ಬಿಡಿಸಿದ, ನನ್ನನ್ನ ಬಿಡಿಸಲಿಲ್ಲ. ನಾಲ್ಕು ವರ್ಷ ಆದಮೇಲೆ ಲಿವರ್ ಹೋಗಿ ತೀರಿಕೊಂಡ. ಆ ಬೋಧಕರ ಮೇಲೆ ನನಗಿರೋ ಸಿಟ್ಟು ಮಾತ್ರೆಗಿಂತ ಹೆಚ್ಚಾಗಿ ಇದರ ಬಗ್ಗೆ. ಸಾಯೋ ಮನುಷ್ಯನಿಂದ ದೇವರನ್ನೂ ಕಿತ್ಕೊಂಡರಲ್ಲ.

ಹಾಗಾದ್ರೆ ಕ್ರೈಸ್ತ ವಿಶ್ವಾಸದಿಂದ ಚಟ ಬಿಡೋಕೆ ಆಗಲ್ವಾ? ಆಗುತ್ತೆ. ಆದ್ರೆ ಹೇಗೆ ಅನ್ನೋದನ್ನ ನಾವು ಮರೆತಿದ್ದೀವಿ. ಹಳೇ ಕಾಲದವರು ಈ ವಿಷಯದಲ್ಲಿ ನಮಗಿಂತ ಜಾಣರು. ಮೂರು ಕಥೆ ಹೇಳ್ತೀನಿ, ಕೇಳಿ.

ಮೊದಲನೇದು ಸಂತ ಮೋನಿಕಾಳದ್ದು. ದಾರಿ ತಪ್ಪಿದ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತ ತಾಯಿ ಅಂತ ನಮ್ಮ ಉಪದೇಶದ ಕ್ಲಾಸಲ್ಲಿ ಹೇಳ್ಕೊಟ್ಟಿದ್ದರು. ಅವಳೇ ಹುಡುಗಿಯಾಗಿದ್ದಾಗ ಕದ್ದು ಕುಡೀತಿದ್ದಳು ಅಂತ ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದು ಅಗಸ್ಟೀನನೇ, ತನ್ನ ಆತ್ಮಕಥೆಯಲ್ಲಿ. ಪೀಪಾಯಿಯಿಂದ ದ್ರಾಕ್ಷಾರಸ ತರೋಕೆ ಮನೆಯವರು ಕಳಿಸ್ತಿದ್ದರು. ಮೊದಮೊದಲು ತುಟಿ ಒದ್ದೆ ಮಾಡ್ಕೊಂಡಳು. ದಿನಾ ಒಂಚೂರು, ಒಂಚೂರು ಸೇರಿ ಕೊನೆಗೆ ಬಟ್ಟಲು ಬಟ್ಟಲು ಆಯ್ತು. ಬಿಡಿಸಿದ್ದು ಯಾರು? ಬಿಷಪ್ಪರಲ್ಲ, ಅಪ್ಪ ಅಮ್ಮನೂ ಅಲ್ಲ. ಜೊತೆಗೆ ಹೋಗ್ತಿದ್ದ ಮನೆಯ ದಾಸಿ ಒಂದು ದಿನ ಜಗಳದಲ್ಲಿ ಮುಖಕ್ಕೆ ಹೊಡೆದಂಗೆ ಕುಡುಕಿ ಅಂದುಬಿಟ್ಟಳು. ಅವಳು ಅಂದದ್ದು ಚುಚ್ಚೋಕೆ, ತಿದ್ದೋಕಲ್ಲ. ಆದ್ರೆ ಕತ್ತಲಲ್ಲಿದ್ದ ಮಾತು ಹೊರಗೆ ಬಂತು. ಮೋನಿಕಾ ಅವತ್ತೇ ಬಿಟ್ಟಳು.

ಎರಡನೇದು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳದ್ದು. ಐದನೇ ಶತಮಾನದಲ್ಲಿ ಜಾನ್ ಕಾಸಿಯನ್ ಬರೆದಿಟ್ಟಿದ್ದು. ಸೆರಾಪಿಯೋನ್ ಅನ್ನೋ ಹುಡುಗ ಒಬ್ಬ ಹಿರಿಯ ಸನ್ಯಾಸಿಯ ಹತ್ರ ಇದ್ದ. ದಿನಾ ಊಟ ಆದಮೇಲೆ ಒಂದು ಒಣರೊಟ್ಟಿ ಕದ್ದು ಬಟ್ಟೆಯೊಳಗೆ ಇಟ್ಕೊಂಡು ಸಂಜೆ ಗುಟ್ಟಾಗಿ ತಿಂತಿದ್ದ. ತಿಂದಾಗ ಆಗೋ ಖುಷಿಗಿಂತ ತಿಂದಮೇಲೆ ಆಗೋ ಸಂಕಟ ಹೆಚ್ಚು. ಆದ್ರೂ ಮಾರನೇ ದಿನ ಕೈ ತಾನಾಗೇ ಹೋಗೋದು. (ರೊಟ್ಟಿ ಜಾಗದಲ್ಲಿ ನಿಮ್ಮ ಫೋನ್ ಇಟ್ಟು ಇನ್ನೊಂದ್ಸಲ ಓದಿ.) ಒಂದು ದಿನ ಯಾರೋ ಬಂದಿದ್ದಾಗ ಹಿರಿಯರು ಹೊಟ್ಟೆಬಾಕತನದ ಬಗ್ಗೆ, ಮುಚ್ಚಿಟ್ಟ ಯೋಚನೆಗಳಿಗಿರೋ ಬಲದ ಬಗ್ಗೆ ಮಾತಾಡ್ತಿದ್ದರು. ಹುಡುಗನಿಗೆ ತಡೆಯೋಕಾಗಲಿಲ್ಲ. ಅಳ್ತಾ ಎಲ್ಲರ ಮುಂದೆ ರೊಟ್ಟಿ ತೆಗೆದಿಟ್ಟ, ದಿನಾ ಹೀಗೆ ಮಾಡ್ತೀನಿ ಅಂತ ಹೇಳಿದ. ಹಿರಿಯರು ಶಿಕ್ಷೆ ಕೊಡಲಿಲ್ಲ. ನೀನು ಬಾಯಿ ಬಿಟ್ಟಿದ್ದೇ ನಿನ್ನ ಬಿಡುಗಡೆ ಅನ್ನೋ ಅರ್ಥದಲ್ಲಿ ಧೈರ್ಯ ಹೇಳಿದರು. ಆ ಆಸೆ ಮತ್ತೆ ಕಾಡಲಿಲ್ಲ ಅಂತ ಸೆರಾಪಿಯೋನನೇ ಮುಂದೆ ದೊಡ್ಡವನಾದಮೇಲೆ ಹೇಳಿಕೊಂಡಿದ್ದಾನೆ.

ಮೂರನೇದು ನಮಗೆ ಹತ್ತಿರದ ಕಾಲದ್ದು. ಬಿಲ್ ವಿಲ್ಸನ್, ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಷೇರು ವ್ಯವಹಾರದವನು, ಮಹಾ ಕುಡುಕ. 1934ರ ಡಿಸೆಂಬರಿನಲ್ಲಿ ಟೌನ್ಸ್ ಆಸ್ಪತ್ರೆಗೆ ನಾಲ್ಕನೇ ಸಲ ಸೇರಿದ್ದ. ಹಳೇ ಕುಡಿತದ ಗೆಳೆಯ ಎಬ್ಬಿ ಥ್ಯಾಚರ್ ಬಂದು ನೋಡಿದ. ಎಬ್ಬಿ ಆಕ್ಸ್‌ಫರ್ಡ್ ಗ್ರೂಪ್ ಅನ್ನೋ ಕ್ರೈಸ್ತ ಚಳವಳಿ ಸೇರಿ ಕುಡಿತ ನಿಲ್ಲಿಸಿದ್ದ. ಅಲ್ಲಿ ಒಬ್ಬರ ಮುಂದೊಬ್ಬರು ತಮ್ಮ ತಪ್ಪು ಬಾಯಿಬಿಟ್ಟು ಹೇಳ್ತಿದ್ದರು. ಹಾಸಿಗೆ ಮೇಲೆ ಬಿಲ್ ದೇವರನ್ನ ಕೂಗಿದ. ಕೋಣೆಯೆಲ್ಲ ಬೆಳಕು ತುಂಬಿದ ಹಾಗೆ ಕಾಣ್ತು ಅಂತ ಹೇಳಿದ್ದಾನೆ. ಆಮೇಲೆ ಅವನು ಕುಡೀಲಿಲ್ಲ.

ನಮ್ಮ ಪ್ರಾರ್ಥನಾ ಕೂಟದವರಿಗೆ ಈ ಕಥೆ ಗೊತ್ತಿದ್ರೆ ಇಲ್ಲಿಗೇ ನಿಲ್ಲಿಸ್ತಾರೆ. ನಾನು ನಿಲ್ಲಿಸಲ್ಲ. ಒಂದನೇದು, ಬೆಳಕು ಕಂಡಿದ್ದು ಆಸ್ಪತ್ರೆಯಲ್ಲಿ, ಸಿಲ್ಕ್‌ವರ್ತ್ ಅನ್ನೋ ಡಾಕ್ಟರ ಕೈಕೆಳಗೆ, ಔಷಧಿ ನಡೀತಿರುವಾಗ. ಎರಡನೇದು, ಬೆಳಕು ಕಂಡು ಐದು ತಿಂಗಳಿಗೆ, 1935ರ ಮೇ ತಿಂಗಳಲ್ಲಿ, ಆಕ್ರನ್ ಅನ್ನೋ ಊರಿನಲ್ಲಿ ವ್ಯವಹಾರ ನೆಲಕಚ್ಚಿ ಹೋಟೆಲಿನ ಲಾಬಿಯಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರ್, ಒಳಗಿಂದ ನಗು ಕೇಳಿಸ್ತಿದೆ. ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಕಂಡ ಬೆಳಕು ಆ ಹೊತ್ತಿಗೆ ಸಾಕಾಗಲಿಲ್ಲ. ಅವನಿಗೆ ಇನ್ನೊಬ್ಬ ಕುಡುಕ ಬೇಕಿತ್ತು. ಫೋನೆತ್ತಿ ಪಾದ್ರಿಯೊಬ್ಬರನ್ನ ಹಿಡಿದ. ಅವರ ಮೂಲಕ ಅಲ್ಲಿಂದ ಇಲ್ಲಿಂದ ಸುತ್ತಿ ಮಾರನೇ ದಿನ ಬಾಬ್ ಸ್ಮಿತ್ ಅನ್ನೋ ಕುಡುಕ ಸರ್ಜನ್ ಸಿಕ್ಕಿದ. ಹದಿನೈದು ನಿಮಿಷ ಮಾತ್ರ ಅಂತ ಒಪ್ಪಿಕೊಂಡು ಬಂದ ಡಾಕ್ಟರ್ ಗಂಟೆಗಟ್ಟಲೆ ಕೂತ. ಯಾಕಂದ್ರೆ ಮೊದಲ ಸಲ ಒಬ್ಬ ಮನುಷ್ಯ ಅವನಿಗೆ ಉಪದೇಶ ಮಾಡದೆ ತನ್ನ ಕಥೆ ಹೇಳಿದ್ದ. ಡಾಕ್ಟರು ಆಮೇಲೂ ಒಂದು ಸಲ ಬಿದ್ದ. ಮತ್ತೆ ಎದ್ದ. ಜೂನ್ 10ರಂದು ಅವನು ಕೊನೇ ಸಲ ಕುಡಿದದ್ದು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆ ಆ ದಿನವನ್ನೇ ತನ್ನ ಹುಟ್ಟುಹಬ್ಬ ಅಂತ ಇಟ್ಕೊಂಡಿದೆ.

ಮೂರೂ ಕಥೆಯಲ್ಲಿ ದೇವರಿದ್ದಾನೆ. ಮೂರರಲ್ಲೂ ಇನ್ನೊಬ್ಬ ಮನುಷ್ಯನ ಕಿವಿಯೋ ಬಾಯೋ ಇದೆ. ಒಂಟಿಯಾಗಿ ಬಿಟ್ಟವರು ಇದರಲ್ಲಿ ಒಬ್ಬರೂ ಇಲ್ಲ. ನನ್ನ ವಾದ ಇಷ್ಟೇ. ಚಟದ ಬೇರು ಬಾಟಲಿಯಲ್ಲಿ ಎಷ್ಟಿದೆಯೋ ಗುಟ್ಟಿನಲ್ಲೂ ಅಷ್ಟೇ ಇದೆ. ಗುಟ್ಟನ್ನ ಹಾಗೇ ಇಟ್ಕೊಂಡು ಬಾಟಲಿ ಒಡೆದ್ರೆ ನಾಳೆ ಇನ್ನೊಂದು ಬಾಟಲಿ ಬರುತ್ತೆ. ಆ್ಯಪ್ ಮಾಡೋದೂ ಅದೇ: ನಿಮ್ಮ ಗುಟ್ಟನ್ನ ಜೋಪಾನವಾಗಿ ಪಾಸ್‌ವರ್ಡ್ ಹಾಕಿ ಇಟ್ಕೊಳ್ಳುತ್ತೆ. ಕೂಟದ ಬೋಧಕರು ಮಾಡೋದೂ ಅದೇ: ಸಾವಿರ ಜನರ ಮುಂದೆ ನಿಲ್ಲಿಸ್ತಾರೆ, ಒಬ್ಬರ ಮುಂದೆ ಕೂರಿಸಲ್ಲ. ಅಪ್ಪ ಅವತ್ತು ವೇದಿಕೆ ಮೇಲೆ ಅತ್ತ, ಆದ್ರೆ ಏನನ್ನೂ ಹೇಳಲಿಲ್ಲ. ಮೈಕು ಬೇರೆಯವರ ಕೈಯಲ್ಲಿತ್ತು.

ಇಷ್ಟೆಲ್ಲ ಹೇಳೋ ನಾನು ಯಾರು? ಕುಡುಕನ ಮಗ, ಅಷ್ಟೇ ಅಲ್ಲ. ಕುಡುಕ.

ಬಿಇ ಮುಗಿಸಿ ಬೆಂಗಳೂರಿಗೆ ಬಂದಮೇಲೆ ನಾನು ಅಪ್ಪನ ಥರ ಕುಡೀತಿರಲಿಲ್ಲ. ಒಳ್ಳೆ ಬ್ರ್ಯಾಂಡು, ಐಸು, ಕಡಲೆಬೀಜದ ಮಸಾಲೆ. ಶುಕ್ರವಾರ ಮಾತ್ರ. ಆಮೇಲೆ ಗುರುವಾರವೂ. ಅಮೆರಿಕದ ಕ್ಲೈಂಟ್ ಕಾಲ್ ಮುಗಿಯೋದು ರಾತ್ರಿ ಹನ್ನೊಂದೂವರೆಗೆ, ನಿದ್ದೆಗೆ ಒಂದು. ಲಾಕ್‌ಡೌನ್ ಬಂತು, ಮನೆಯಿಂದ ಕೆಲಸ. ಸಂಜೆ ಸ್ಟ್ಯಾಂಡಪ್ಪಿನಲ್ಲಿ ನನ್ನ ಸ್ಟೀಲ್ ಬಾಟಲಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. 2020ರ ಮೇ 4ಕ್ಕೆ ಅಂಗಡಿ ತೆಗೆದರಲ್ಲ, ಅವತ್ತು ಬೆಳಿಗ್ಗೆ ಬಿಸಿಲಲ್ಲಿ ಸುಣ್ಣದಲ್ಲಿ ಬರೆದ ವೃತ್ತದೊಳಗೆ ಕ್ಯೂ ನಿಂತಿದ್ದವರಲ್ಲಿ ನಾನೂ ಒಬ್ಬ. ನನ್ನ ಮುಂದಿದ್ದವರ ಕೈ ನಡುಗ್ತಿತ್ತು. ಆ ಕೈ ನನಗೆ ಚೆನ್ನಾಗಿ ಗೊತ್ತಿತ್ತು. ಆದ್ರೂ ಕ್ಯೂ ಬಿಟ್ಟು ಬರಲಿಲ್ಲ.

ಹೆಂಡತಿಗೆ ಹೇಳಲಿಲ್ಲ. ಹಳೇ ರೂಟರಿನ ಡಬ್ಬದಲ್ಲಿ ಬಾಟಲಿ ಇಡ್ತಿದ್ದೆ. ಆ ವರ್ಷ ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ ಪಾಪನಿವೇದನೆ ಮಾಡಿದೆ. ಪರಂಪರೆಯ ಪ್ರಕಾರ ಪಟ್ಟಿ ಒಪ್ಪಿಸೋದು: ಸುಳ್ಳು ಹೇಳಿದೆ, ಕೋಪ ಮಾಡ್ಕೊಂಡೆ, ಪೂಜೆ ತಪ್ಪಿಸಿದೆ. ನಡುವೆ ಮೆಲ್ಲಗೆ "ಕುಡೀತೀನಿ" ಅಂದೆ, ಕೇಳಿಸದೇ ಇರಲಿ ಅನ್ನೋ ಹಾಗೆ. ವಯಸ್ಸಾದ ಗುರುಗಳು. ಕೇಳಿಸ್ಕೊಂಡರು.

"ಇನ್ಯಾರಿಗೆ ಹೇಳಿದ್ದೀಯ?" ಅಂದ್ರು.

"ಯಾರಿಗೂ ಇಲ್ಲ."

"ನಂಗೆ ಹೇಳಿದ್ರೆ ಸಾಲದಪ್ಪ. ಕ್ಷಮೆ ದೇವರದ್ದು, ಅದು ಈಗಲೇ ಸಿಕ್ತು. ಆದ್ರೆ ಈ ಬಾಗಿಲು ದಾಟಿದ ಮೇಲೆ ನಾನು ಇದನ್ನ ಬಾಯಿಬಿಡೋ ಹಾಗಿಲ್ಲ. ನಿಂಗೂ ಕೇಳೋ ಹಾಗಿಲ್ಲ. ನಾಳೆ ನಿನ್ನ ಮುಖ ನೋಡಿ 'ಏನಾಯ್ತೋ' ಅಂತ ಕೇಳೋ ಒಬ್ಬ ಮನುಷ್ಯ ನಿಂಗೆ ಬೇಕು."

ಮೂವತ್ತು ವರ್ಷ ಪಾಪನಿವೇದನೆ ಮಾಡಿದ್ದೀನಿ. ಇದು ನನಗೆ ಹೊಳೆದೇ ಇರಲಿಲ್ಲ. ಅಲ್ಲಿ ಹೇಳಿದ್ದನ್ನ ಗುರುಗಳು ಜೀವ ಹೋದ್ರೂ ಹೊರಗೆ ಹೇಳುವಂತಿಲ್ಲ, ಸಭೆಯ ಕಟ್ಟಳೆ ಅದು. ನನ್ನಂಥವನಿಗೆ ಆ ಮುದ್ರೆ ಒಂದು ಅನುಕೂಲದ ಬಚ್ಚಲು ಆಗಿಹೋಗಿತ್ತು. ಹೋಗಿ ತೊಳ್ಕೊಳ್ಳೋದು, ಬರೋದು, ಮತ್ತೆ ಕೊಳೆ ಮಾಡ್ಕೊಳ್ಳೋದು. ಯಾರೂ ಕೇಳಲ್ಲ. ಅಪ್ಪನೂ ಪ್ರತಿವರ್ಷ ಪಾಸ್ಕಕ್ಕೆ ಮುಂಚೆ ಅದೇ ಕಿಟಕಿ ಮುಂದೆ ಮೊಣಕಾಲೂರ್ತಿದ್ದ.

ಮೊದಲು ಹೆಂಡತಿಗೆ ಹೇಳಿದೆ. ಅವಳು ರೂಟರ್ ಡಬ್ಬದ ವಿಷಯ ಗೊತ್ತು ಅಂದಳು. ಆಮೇಲೆ ಡಾಕ್ಟರ ಹತ್ರ ಹೋದ್ವಿ. ಆಮೇಲೆ ಒಂದು ಮೀಟಿಂಗಿಗೆ. ಎಲ್ಲಿ, ಯಾರ್ಯಾರು ಅನ್ನೋದು ಹೇಳೋದಿಲ್ಲ, ಅಲ್ಲಿಯ ನಿಯಮ ಅದು. ಒಂದು ಶಾಲೆಯ ಕೋಣೆ, ಮಕ್ಕಳ ಬೆಂಚು, ಮೊಣಕಾಲು ಗಲ್ಲಕ್ಕೆ ತಾಗುತ್ತೆ. ಫೀಸಿಲ್ಲ, ಫಾರ್ಮ್ ಇಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ರೆ ಸಾಕು. ಆಟೋ ಡ್ರೈವರ್, ಬ್ಯಾಂಕ್ ಮ್ಯಾನೇಜರ್, ನನ್ನಂಥ ಕೋಡು ಬರೆಯೋನು, ಒಂದೇ ಬೆಂಚಲ್ಲಿ. ಕ್ರೈಸ್ತರು ಬೆರಳೆಣಿಕೆ. ಪಕ್ಕದವರ ಪರ್ಸಲ್ಲಿ ಮಂಜುನಾಥಸ್ವಾಮಿ ಫೋಟೋ ಇತ್ತು. ಇನ್ನೊಬ್ಬರಿಗೆ ದೇವರೇ ಇಲ್ಲ. ಇದು ಕ್ರೈಸ್ತ ಬೇರಿನ ಮರ, ಆದ್ರೆ ನೆರಳಿಗೆ ಜಾತಿ ಕೇಳಲ್ಲ. ಹಾಗಾಗಿ ನಾನು ಯಾರಿಗೂ ಮತ ಬದಲಾಯಿಸಿ ಅಂತ ಹೇಳ್ತಿಲ್ಲ. ನಮ್ಮೂರಿನ ಪಕ್ಕದ ಊರಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರೊಬ್ಬರಿದ್ದಾರೆ. ಅಲ್ಲೂ ಮರ್ಮ ಇದೇ: ಊರಿನವರ ಮುಂದೆ, ಮನೆಯವರ ಮುಂದೆ, ತನ್ನಂಥವರ ಜೊತೆ.

"ಹಾಗಾದ್ರೆ ಇದು ಬರೀ ಗ್ರೂಪ್ ಥೆರಪಿ ತಾನೇ? ದೇವರು ಎಲ್ಲಿ ಬಂದ?" ಅಂತ ನನ್ನ ಸ್ನೇಹಿತರು ಕೇಳ್ತಾರೆ. ಒಳ್ಳೆ ಪ್ರಶ್ನೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನ, 10,565 ಜನರ ಲೆಕ್ಕ ಒಟ್ಟುಗೂಡಿಸಿ ನೋಡಿತು. ಪೂರ್ತಿ ಕುಡಿತ ಬಿಟ್ಟು ಉಳಿಯೋ ವಿಷಯದಲ್ಲಿ, ಜನರನ್ನ ಈ ಮೀಟಿಂಗುಗಳಿಗೆ ಕ್ರಮವಾಗಿ ಸೇರಿಸೋ ಕಾರ್ಯಕ್ರಮಗಳು ಬೇರೆ ಹೆಸರಾಂತ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಗಿಂತ ಮುಂದಿದ್ದವು. ಅದರ ಮುಂದಾಳು ಜಾನ್ ಕೆಲಿ ಅನ್ನೋ ಸಂಶೋಧಕ ಬಹಳ ವರ್ಷದಿಂದ ಹೇಳ್ತಿರೋದು, ಇದು ಕೆಲಸ ಮಾಡೋದು ಹೆಚ್ಚಾಗಿ ಒಡನಾಟ ಬದಲಾಗೋದರಿಂದ ಅಂತ. ಇದನ್ನ ಕೇಳಿ ನಾಸ್ತಿಕ ಗೆಳೆಯ ಗೆದ್ದೆ ಅಂತಾನೆ. ನಾನು ಸೋತೆ ಅನ್ನಲ್ಲ. ಇಬ್ಬರು ಮೂವರು ಸೇರಿದ ಕಡೆ ತಾನಿರ್ತೀನಿ ಅಂತ ಹೇಳಿದವನನ್ನೇ ತಾನೇ ನಾನು ನಂಬಿರೋದು? ಅವನು ಒಡನಾಟದ ಮೂಲಕ ಕೆಲಸ ಮಾಡಿದ್ರೆ ನನಗೇನೂ ಆಶ್ಚರ್ಯ ಇಲ್ಲ.

ಆದ್ರೆ ವಿಶ್ವಾಸ ಕೊಟ್ಟಿದ್ದು ಇನ್ನೊಂದಿದೆ. ಅದು ಇಲ್ಲದೆ ನಾನು ಬಾಯಿ ಬಿಡ್ತಿರಲಿಲ್ಲ. 2021ರಲ್ಲಿ, ಐದು ತಿಂಗಳು ಆದಮೇಲೆ, ಒಂದು ರಿಲೀಸ್ ಮುಗಿದ ರಾತ್ರಿ ನಾನು ಬಿದ್ದೆ. ಮೀಟಿಂಗಿನಲ್ಲೂ ದಿನ ಎಣಿಸ್ತಾರೆ, ತಿಂಗಳು ತುಂಬಿದ್ರೆ ನಾಣ್ಯ ಕೊಡ್ತಾರೆ. ನನ್ನದೂ ಸೊನ್ನೆ ಆಯ್ತು. "ಹೆಂಗೂ ಹೋಯ್ತಲ್ಲ" ಅಂತ ಒಳಗಿಂದ ಅದೇ ಧ್ವನಿ. ಅವತ್ತು ನೆನಪಾಗಿದ್ದು ತಪ್ಪಿಹೋದ ಮಗನ ಸಾಮತಿ. ಚಿಕ್ಕಂದಿನಿಂದ ನೂರು ಸಲ ಕೇಳಿದ ಕಥೆ. ಆಸ್ತಿ ಹಾಳು ಮಾಡಿದ ಮಗ ದಾರಿಯುದ್ದಕ್ಕೂ ಕ್ಷಮಾಪಣೆ ಬಾಯಿಪಾಠ ಮಾಡ್ಕೊಂಡು ಬರ್ತಾನೆ. ಅದನ್ನ ಹೇಳೋಕೂ ಮುಂಚೆ, ಇನ್ನೂ ದೂರದಲ್ಲಿರುವಾಗಲೇ, ಅಪ್ಪ ಓಡಿ ಬಂದು ತಬ್ಕೊಳ್ತಾನೆ. ಮಗ ಸುಧಾರಿಸಿದ್ದಾನಾ ಅಂತ ಪರೀಕ್ಷೆ ಮಾಡಿ ಆಮೇಲೆ ಒಳಗೆ ಕರ್ಕೊಳ್ಳಲ್ಲ. ಆ್ಯಪ್ ಹೇಳೋದು: ಮೊದಲು ಗೆಲ್ಲು, ಆಮೇಲೆ ಮೆಚ್ತೀನಿ. ಕೂಟದ ಬೋಧಕರು ಹೇಳಿದ್ದು: ಮೊದಲು ನಂಬು, ಬೀಳದಿದ್ರೆ ನಂಬಿದ್ದೀಯ ಅಂತ ಅರ್ಥ. ಈ ಸಾಮತಿ ಎರಡಕ್ಕೂ ಉಲ್ಟಾ. ಕ್ಷಮೆ ಮೊದಲು, ಸುಧಾರಣೆ ಆಮೇಲೆ. ಮೊದಲೇ ಕ್ಷಮೆ ಸಿಕ್ಕಿದೆ ಅಂತ ಗೊತ್ತಿರೋನು ಮಾತ್ರ ನಿಜ ಹೇಳೋ ಧೈರ್ಯ ಮಾಡ್ತಾನೆ. ಬುಧವಾರ ಮೀಟಿಂಗಿಗೆ ಹೋಗಿ "ಮತ್ತೆ ಕುಡಿದೆ" ಅಂದೆ. ಯಾರೂ ಮುಖ ತಿರುಗಿಸಲಿಲ್ಲ. ಮಂಜುನಾಥಸ್ವಾಮಿ ಫೋಟೋದವರು ಟೀ ಲೋಟ ಮುಂದೆ ತಳ್ಳಿ, "ವಾಪಸ್ ಬಂದ್ಯಲ್ಲ" ಅಂದ್ರು.

ಒಂದು ಎಚ್ಚರಿಕೆ, ನನ್ನ ಕಡೆಯವರಿಗೇ. ಬಿಲ್ ವಿಲ್ಸನ್ ಕುಡಿತ ಬಿಟ್ಟು 36 ವರ್ಷ ಬದುಕಿದ, ಲಕ್ಷಾಂತರ ಜನಕ್ಕೆ ದಾರಿಯಾದ. ಆದ್ರೆ ಸಿಗರೇಟಿನ ಚಟ ಅವನನ್ನ ಬಿಡಲಿಲ್ಲ. ಶ್ವಾಸಕೋಶ ಹಾಳಾಗಿ 1971ರ ಜನವರಿಯಲ್ಲಿ ತೀರಿಕೊಂಡ. ಅವನ ವಿಶ್ವಾಸ ಸುಳ್ಳಾ? ಅಲ್ಲ. ವಿಶ್ವಾಸಿಯೂ ಮನುಷ್ಯನೇ, ಅಷ್ಟೇ. ಇನ್ನು ಯಾರಾದ್ರೂ ವೇದಿಕೆ ಮೇಲಿಂದ ಪೂರ್ತಿ ಬಿಡುಗಡೆ ಗ್ಯಾರಂಟಿ ಅಂದ್ರೆ, ಎದ್ದು ಬನ್ನಿ. ಮಾತ್ರೆ ಎಸೆಯಿರಿ ಅಂದ್ರೆ, ಎದ್ದು ಬನ್ನಿ, ಪಕ್ಕದವರನ್ನೂ ಎಬ್ಬಿಸಿಕೊಂಡು ಬನ್ನಿ.

ನಿಮ್ಮದು ಕುಡಿತ ಇಲ್ಲದೆ ಇರಬಹುದು. ರಾತ್ರಿ ಬಾಗಿಲು ಹಾಕ್ಕೊಂಡು ನೋಡೋ ವಿಡಿಯೋ ಇರಬಹುದು, ಹೆಂಡತಿಗೆ ಗೊತ್ತಿಲ್ಲದ ಬೆಟ್ಟಿಂಗ್ ಸಾಲ ಇರಬಹುದು, ಮಗು ಪಕ್ಕದಲ್ಲಿ ಮಲಗಿರುವಾಗ ಬಿಡೋಕಾಗದ ಫೋನ್ ಇರಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಬೇರೆ ಕೇಂದ್ರವೇ ಇದೆ, ಮೊಬೈಲ್ ಮತ್ತು ಗೇಮಿನ ಚಟಕ್ಕೆ 2014ರಿಂದ ಒಂದು ಕ್ಲಿನಿಕ್ಕೂ ಇದೆ. ಹೋಗಿ. ದಿನಾ ಕುಡಿಯೋರಾದ್ರೆ ಡಾಕ್ಟರನ್ನ ಕೇಳದೆ ತಟ್ಟನೆ ನಿಲ್ಲಿಸಬೇಡಿ. ಆದ್ರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ, ಅದಕ್ಕೆ ಅಪಾಯಿಂಟ್‌ಮೆಂಟ್ ಬೇಡ. ನಿಮ್ಮ ಕಾಂಟ್ಯಾಕ್ಟ್ ಲಿಸ್ಟಲ್ಲಿ ಆರುನೂರು ಹೆಸರಿದೆ. ಇದನ್ನ ಹೇಳೋಕಾಗೋ ಒಂದು ಹೆಸರು ಹುಡುಕಿ. ನಾಳೆ ನಿಮ್ಮನ್ನ "ಏನಾಯ್ತು" ಅಂತ ಕೇಳೋ ಅಂಥದ್ದು. ಆ ಒಂದು ಹೆಸರೂ ಇಲ್ಲ ಅಂದ್ರೆ, ನಿಮ್ಮ ಮೊದಲ ಕಾಯಿಲೆ ಚಟ ಅಲ್ಲ, ಅದು.

ಅಪ್ಪ ತೀರ್ಕೊಳ್ಳೋಕೆ ಒಂದು ತಿಂಗಳು ಮುಂಚೆ, ನಾನು ಬೆಂಗಳೂರಿಗೆ ಹೊರಟಾಗ ಬಸ್ ಸ್ಟಾಪಿನ ತನಕ ಬಂದಿದ್ದ. ಕಾಲು ಊದಿತ್ತು. ಬಸ್ಸು ಕಾಣಿಸ್ತು. "ಲೋ, ನಿಂಗೊಂದು ಮಾತು ಹೇಳ್ಬೇಕಿತ್ತು" ಅಂದ. "ಏನಪ್ಪಾ" ಅಂದೆ, ಬ್ಯಾಗ್ ಹೆಗಲಿಗೆ ಹಾಕ್ಕೊಳ್ತಾ. "ಇರ್ಲಿ, ಬಸ್ ಬಂತಲ್ಲ, ಇನ್ನೊಂದ್ಸಲ" ಅಂದ. ನಾನು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ತು ಅಂತ ಖುಷಿಯೂ ಆಯ್ತು.

ಅರ್ಧ ಗಂಟೆಗೆ ಇನ್ನೊಂದು ಬಸ್ಸಿತ್ತು.